ಸದ್ದಾದರೆ ಸತ್ತಳು!

ಅವನ ಕೈಯಲ್ಲಿ ಮಚ್ಚು ಇರಲಿಲ್ಲ. ಲಾಂಗೂ ಇರಲಿಲ್ಲ.

ಪಟಾಕಿ ಇತ್ತು!

ಒಂದೇ ಒಂದು ಆಟಂ ಬಾಂಬು. ದೀಪಾವಳಿಯಲ್ಲಿ ಹುಡುಗರು ಡಬ್ಬದ ಕೆಳಗಿಟ್ಟು ಹಾರಿಸುತ್ತಾರಲ್ಲ, ಅದೇ. ಹಸಿರು ದಾರ ಸುತ್ತಿದ್ದು. ಬತ್ತಿಯ ಕಾಗದವನ್ನು ಹಲ್ಲಿನಿಂದ ಕಚ್ಚಿ ಬಿಡಿಸಿ ಉಗಿದ. ಇನ್ನೊಂದು ಕೈಯಲ್ಲಿ ಲೈಟರು.

ಹಳೇಬೀಡಿನ ಕೆರೆ ಏರಿ. ನೆತ್ತಿ ಸುಡುವ ಬಿಸಿಲು. ಮುಂದೆ ಅಡ್ಡ ನಿಲ್ಲಿಸಿದ ಅವನ ಬೈಕು. ಹಿಂದೆ ಹುಲ್ಲು ಹೇರಿದ ಟ್ರಾಕ್ಟರು. ಒಂದು ಕಡೆ ನೀರು, ಇನ್ನೊಂದು ಕಡೆ ಇಳಿಜಾರು. ನಡುವೆ ನನ್ನ ಹಳೇ ಆಲ್ಟೊ.

"ಗ್ಲಾಸ್ ಇಳಿಸ್ಲಾ, ಗಂಟ್ಲು," ಎಂದ ಅರುಣ್‌ಕುಮಾರ್. ಕೊಬ್ಬರಿ ಮಂಡಿ ರಾಜಶೇಖರನ ಬಲಗೈ. "ಹುಡುಗೀನ ಇಳಿಸು. ಇಲ್ಲಾ ಅಂದ್ರೆ ಹಚ್ಚಿ ಬಾನೆಟ್ ಮೇಲೆ ಇಡ್ತೀನಿ."

ನಾನು ಮಚ್ಚು ನೋಡಿದವನು ಸಾರ್. ಎಡಭುಜದಲ್ಲಿ ಅದರ ಗುರುತೂ ಇದೆ. ಆಗ ಬೆವರಲಿಲ್ಲ. ಆವತ್ತು ಬೆವರಿದೆ. ಶರ್ಟು ಸೀಟಿಗೆ ಅಂಟಿಕೊಂಡಿತ್ತು.

ಯಾಕೆಂದರೆ ಹಿಂದಿನ ಸೀಟಿನಲ್ಲಿ ಸಿರಿ ಇದ್ದಳು. ಆ ಪಟಾಕಿ ಸಿಡಿದರೆ ನನ್ನ ಕಿವಿ ಗುಂಯ್ ಅನ್ನುತ್ತದೆ, ಅಷ್ಟೆ. ಅವಳ ಹೃದಯ ನಿಲ್ಲುತ್ತದೆ!

ನಗಬೇಡಿ. ಬೆಳಿಗ್ಗೆ ನಾನೂ ನಕ್ಕಿದ್ದೆ.

*

ನನ್ನ ಹೆಸರು ಹೇಮಂತ. ಅರಸೀಕೆರೆಯಲ್ಲಿ ಆ ಹೆಸರು ಹಿಡಿದು ಕೇಳಿದರೆ ಯಾರೂ ಗುರುತು ಹೇಳುವುದಿಲ್ಲ. 'ಗಂಟ್ಲು' ಅನ್ನಿ, ಮನೆಯವರೆಗೂ ಬಂದು ಬಿಡುತ್ತಾರೆ. ನಾನು ಈ ಪ್ಲಾಟ್‌ಫಾರಮ್ಮಿನಲ್ಲಿ ನಿಂತು ಬೈದರೆ ಆ ಪ್ಲಾಟ್‌ಫಾರಮ್ಮಿನಲ್ಲಿ ನಿಂತವನು ಬೀಡಿ ಆರಿಸುತ್ತಿದ್ದ. ಓಡಿಹೋದವರನ್ನು ಹುಡುಕುವುದು, ಕದ್ದ ಗಾಡಿ ವಾಪಸ್ ತರುವುದು, ಪೊಲೀಸರಿಗೆ ಹೇಳಲಾಗದ ಕೆಲಸಗಳನ್ನು ಮಾಡಿಕೊಡುವುದು... ಅದು ನನ್ನ ಕಸುಬು. ಆಯುಧ ಒಂದೇ. ಗಂಟಲು.

ಶಾಲೆ ಬಿಟ್ಟಿದ್ದು ಏಳನೇ ಕ್ಲಾಸಿಗೆ. ಯಾರೋ ದೊಡ್ಡವರು ಬರುತ್ತಾರೆಂದು ಹೆಡ್‌ಮಾಸ್ಟರು ಎಲ್ಲ ಹುಡುಗರ ಕೈಗೂ ಗುಲಾಬಿ ಕೊಟ್ಟರು. ನನ್ನ ಕೈಗೆ ಮಾತ್ರ ತಮಟೆ. "ನಿಮ್ಮಪ್ಪ ಕರಿಯಯ್ಯನ ವಿದ್ಯೆ ಅಲ್ವೇನೋ, ಬಾರಿಸು!" ಎಂದರು.

ಬಾರಿಸಿದೆ. ತಮಟೆಯನ್ನಲ್ಲ!

ಅಲ್ಲಿಗೆ ಓದು ಮುಗಿಯಿತು. ಸಿಟ್ಟು ಮಾತ್ರ ವರ್ಷ ವರ್ಷ ಪಾಸಾಗುತ್ತಾ ಬಂದಿದೆ.

ಆ ಬೆಳಿಗ್ಗೆ ಸ್ಟೇಷನ್ ಎದುರಿನ ಟೀ ಅಂಗಡಿಯಲ್ಲಿ ಕೂತಿದ್ದೆ. ಬೆಂಗಳೂರು ರೈಲಿನಿಂದ ಇಳಿದ ಒಬ್ಬ ಹೆಂಗಸು ನೆಟ್ಟಗೆ ನನ್ನ ಹತ್ತಿರ ಬಂದರು. ಅರ್ಧ ನರೆತ ಕೂದಲು, ಬೆನ್ನಿಗೆ ಕಾಲೇಜು ಹುಡುಗಿಯರ ಥರ ಬ್ಯಾಗು.

"ಹೇಮಂತ್ ಅಂದ್ರೆ ನೀವೇನಾ?"

"ಯಾರಿಗೆ ಬೇಕಾಗಿತ್ತು?"

"ಸಾಯಬಾರದ ಒಬ್ಬ ಹುಡುಗಿಗೆ."

ಟೀ ಲೋಟ ಕೆಳಗಿಟ್ಟೆ.

ಅವರ ಹೆಸರು ಡಾಕ್ಟರ್ ಪ್ರತಿಮಾ. ಸೂಜಿ ಚುಚ್ಚುವ ಡಾಕ್ಟರ್ ಅಲ್ಲ, ಸೈಂಟಿಸ್ಟು. ಹುಟ್ಟಿದ್ದು ನಮ್ಮ ಅರಸೀಕೆರೆಯಲ್ಲೇ. ಬೆಂಗಳೂರಿನ ಲ್ಯಾಬಿನಲ್ಲಿ ಹೃದಯದ ಮೇಲೆ ರಿಸರ್ಚು.

"ಹಾರ್ಟಿಗೆ ಪೊಟ್ಯಾಸಿಯಂ ಯಾಕೆ ಬೇಕು ಗೊತ್ತಾ?"

"ಮೇಡಂ, ನಾನು ಏಳನೇ ಕ್ಲಾಸು."

"ಕೆರೆ ತೂಬು ಗೊತ್ತಾ?"

"ತೂಬು ಗೊತ್ತಿಲ್ದೇ ಏನು? ಕೆರೆ ನೀರು ಹೊರಗೆ ಬಿಡೋ ಬಾಗಿಲು."

"ಅಷ್ಟು ಸಾಕು. ಹಾರ್ಟಿನ ಒಂದೊಂದು ಕಣದ ಗೋಡೇಲೂ ಅಂಥ ತೂಬುಗಳಿವೆ. ಒಂದು ಬಡಿತ ಆದ ಮೇಲೆ ತೂಬು ತೆರೆದು ಪೊಟ್ಯಾಸಿಯಂ ಹೊರಗೆ ಹರೀಬೇಕು. ಆಗ ಕಣ ಸುಧಾರಿಸಿಕೊಂಡು ಮುಂದಿನ ಬಡಿತಕ್ಕೆ ರೆಡಿ ಆಗುತ್ತೆ. ಸಿರಿ ಅಂತ ಒಬ್ಬ ಹುಡುಗಿ, ಹುಲಿಕೆರೆಯೋಳು. ಹುಟ್ಟಿನಿಂದಲೇ ಅವಳಿಗೆ ಆ ತೂಬು ಬಿಗಿ. ಕಣ ಇನ್ನೂ ಸುಧಾರಿಸಿಕೊಳ್ತಾ ಇರುತ್ತೆ... ಅಷ್ಟರಲ್ಲಿ ಯಾರಾದ್ರೂ ಢಂ ಅಂತ ಸದ್ದು ಮಾಡಿದ್ರೆ, ಗಾಬರಿಗೆ ಇನ್ನೊಂದು ಬಡಿತ ನುಗ್ಗುತ್ತೆ. ಬಡಿತದ ಮೇಲೆ ಬಡಿತ! ಹಾರ್ಟು ಬಡಿಯೋದು ಬಿಟ್ಟು ನಡುಗೋಕೆ ಶುರು ಮಾಡುತ್ತೆ."

"ಆಮೇಲೆ?"

"ಕೆಲವು ಸಲ ತಾನೇ ಸರಿ ಹೋಗುತ್ತೆ. ಜನ ಮೂರ್ಛೆ ಅಂತಾರೆ. ಕೆಲವು ಸಲ ಸರಿ ಹೋಗಲ್ಲ."

ಆಗಲೇ ನಾನು ನಕ್ಕಿದ್ದು. "ಸದ್ದಾದ್ರೆ ಸಾಯೋ ಹುಡುಗಿ ನಮ್ಮ ಸೀಮೇಲಿ ಇಷ್ಟು ದಿನ ಬದುಕಿದ್ದಾದ್ರೂ ಹೆಂಗೆ ಮೇಡಂ? ನಮ್ಮೂರ ಬಸ್‌ಗಳ ಹಾರ್ನ್ ಕೇಳಿದೀರಾ?"

ಅವರು ನಗಲಿಲ್ಲ.

"ಇಷ್ಟು ದಿನ ತೂಬು ಬಿಗಿ ಇತ್ತು, ಅಷ್ಟೆ. ಈಗ ಅದಕ್ಕೆ ಬೀಗ ಹಾಕಿದ್ದಾರೆ."

ಬ್ಯಾಗಿನಿಂದ ಒಂದು ಬಾಟಲಿ ತೆಗೆದು ಟೇಬಲ್ ಮೇಲಿಟ್ಟರು. ಬೆಳ್ಳಿಚುಕ್ಕಿ ಕಷಾಯ! ಅದೇ ಕೊಬ್ಬರಿ ಮಂಡಿ ರಾಜಶೇಖರನ ಮಾಲು. ನೆಗಡಿ, ಕೆಮ್ಮು, ತಲೆಭಾರಕ್ಕೆ ಅರಸೀಕೆರೆಯಿಂದ ಬೇಲೂರಿನವರೆಗೆ ಅದಿಲ್ಲದ ಮನೆಯಿಲ್ಲ. ನಾನೂ ಕುಡಿದವನೇ.

"ಸಿರಿ ಅವನ ಫ್ಯಾಕ್ಟರೀಲಿ ಕೆಲಸಕ್ಕಿದ್ಳು. ಕಷಾಯಕ್ಕೆ ಯಾವುದೋ ಮಾತ್ರೆ ಪುಡಿ ಮಾಡಿ ಬೆರೆಸ್ತಿದ್ರಂತೆ. ಯಾವತ್ತೋ ನಿಷೇಧ ಆದ ನೆಗಡಿ ಮಾತ್ರೆ. ಆ ಪುಡಿ ಮಾಡಿದ್ದು ಇವಳ ಕೈಯೇ. ಬಿಟ್ಟಿ ಸಿಗುತ್ತೆ ಅಂತ ದಿನಾ ಕುಡಿದಳು, ಮೂರ್ಛೆ ಜಾಸ್ತಿ ಆಯ್ತು. ಅನುಮಾನ ಬಂದು ಒಂದು ಹಿಡಿ ಮಾತ್ರೆ ಕದ್ದು, ಅವಳ ಮೂರ್ಛೆ ಪರೀಕ್ಷೆ ಮಾಡ್ತಿದ್ದ ನನಗೆ ತಂದುಕೊಟ್ಟಳು. ಲ್ಯಾಬಲ್ಲಿ ಜೀವಂತ ಕಣಕ್ಕೆ ಕೂದಲಿಗಿಂತ ಸಣ್ಣ ಗಾಜಿನ ಕೊಳವೆ ತಾಗಿಸಿ, ಆ ತೂಬಲ್ಲಿ ಹರಿಯೋ ಕರೆಂಟ್ ಅಳೀತೀವಿ. ಅದರ ಮೇಲೆ ಈ ಕಷಾಯ ಒಂದು ಹನಿ ಬಿಟ್ಟೆ..." ಅವರು ಟೇಬಲ್ಲಿನ ಮೇಲೆ ಬೆರಳಿಂದ ಗುಡ್ಡದ ಥರ ಗೆರೆ ಎಳೆದು, ಹಾಗೇ ಅದನ್ನು ಚಪ್ಪಟೆ ಮಾಡಿದರು. "ಗೆರೆ ಮಲಗಿಬಿಡ್ತು."

"ಹಾಗಾದ್ರೆ ಕಂಪ್ಲೇಂಟ್ ಕೊಡಿ."

"ಕೊಟ್ಟಿದ್ದೀನಿ. ಆದ್ರೆ ಆ ಮಾತ್ರೆ ಯಾರ ಫ್ಯಾಕ್ಟರೀಲಿ, ಯಾವ ಡಬ್ಬಿಯಿಂದ ಬಂತು ಅಂತ ಹೇಳೋಕೆ ಸಿರಿನೇ ಬೇಕು. ಅದಕ್ಕಿಂತ ಮೊದ್ಲು ಅವಳು ಬದುಕ್ಬೇಕು. ಹಾಸನದಲ್ಲಿ ಹಾರ್ಟ್ ಡಾಕ್ಟರು ಕಾಯ್ತಿದ್ದಾರೆ. ಎದೆಯೊಳಗೆ ಒಂದು ಸಣ್ಣ ಮಿಷನ್ ಕೂರಿಸಿದ್ರೆ, ಹಾರ್ಟು ನಡುಗಿದಾಗ ಅದೇ ಶಾಕ್ ಕೊಟ್ಟು ಎಬ್ಬಿಸುತ್ತೆ. ನಿನ್ನೆಯಿಂದ ಹುಡುಗಿ ಫೋನ್ ಸ್ವಿಚ್ ಆಫ್. ಮನೆಗೆ ಬೀಗ. ಸಾಕಿದ ಅಜ್ಜಿಯೂ ಇಲ್ಲ."

"ಸದ್ದಾದ್ರೆ ಸಾಯ್ತಾಳೆ ಅನ್ನೋದು ಯಾರ್ಯಾರಿಗೆ ಗೊತ್ತು?"

ಪ್ರತಿಮಾ ಮೇಡಂ ಟೀ ಲೋಟ ನೋಡಿದರು. ಲೋಟದಲ್ಲಿ ಟೀ ಇರಲಿಲ್ಲ.

"ರಾಜಶೇಖರ್ ನನ್ನ ನೋಡೋಕೆ ಬಂದಿದ್ರು. ಆಗಿನ್ನೂ ಕಷಾಯ ಟೆಸ್ಟ್ ಮಾಡಿರಲಿಲ್ಲ. ಹಣ್ಣು ತಂದಿದ್ರು. 'ನಮ್ಮ ಕೆಲಸದ ಹುಡುಗಿ, ಜೋಪಾನ ಮಾಡ್ಬೇಕು. ಯಾವುದರಿಂದ ಅಪಾಯ ಹೇಳಿ ತಾಯಿ' ಅಂದ್ರು."

"ಹೇಳಿದ್ರಾ?"

"ಚಿತ್ರ ಬರೆದು ತೋರಿಸ್ದೆ!"

ಕೊಲ್ಲುವುದು ಹೇಗೆಂದು ಪಾಠ ಮಾಡಿ, ಹಣ್ಣು ತಗೊಂಡು ಕಳಿಸಿದ್ದರು! ಬೈಯಬೇಕೆನ್ನಿಸಿತು. ಅವರ ಮುಖ ನೋಡಿ ಸುಮ್ಮನಾದೆ. ಬೈಗುಳವನ್ನು ಅವರೇ ಬೈದುಕೊಂಡು ಮುಗಿಸಿದ್ದರು.

*

ತಲೆ ಓಡಿಸಿದೆ. ಹುಡುಗಿಯನ್ನು ಸದ್ದಿನಿಂದ ಕೊಲ್ಲಬೇಕು. ಯಾರಿಗೂ ಅನುಮಾನ ಬರಬಾರದು. ಅಜ್ಜಿಯೇ ಕೈಹಿಡಿದು ಕರೆದುಕೊಂಡು ಬರಬೇಕು. ನಮ್ಮ ಸೀಮೆಯಲ್ಲಿ ಅಂಥ ಸದ್ದು ಯಾವುದು?

ಥಟ್ಟಂತ ಹೊಳೆಯಿತು.

ತಮಟೆ!

ಹೆಣ್ಣುಮಕ್ಕಳು ಪದೇ ಪದೇ ಮೂರ್ಛೆ ಹೋದರೆ ನಮ್ಮ ಕಡೆ ಈಗಲೂ ಕೆಲವರು 'ಗಾಳಿ ಮೆಟ್ಟಿದೆ' ಅನ್ನುತ್ತಾರೆ. ಭೇದಿಗೆ ಕೊಟ್ಟು, ಉಪವಾಸ ಕೂರಿಸಿ, ಕಿವಿ ಪಕ್ಕದಲ್ಲೇ ತಮಟೆ ಬಡಿಸುತ್ತಾರೆ. ಗಾಳಿ ಹೆದರಿ ಓಡಲಿ ಅಂತ.

ನಮ್ಮ ಬೀದಿಗೆ ಫೋನ್ ಮಾಡಿದೆ. ಚಿಕ್ಕಮ್ಮ ಬೋರಮ್ಮ ಎತ್ತಿದಳು.

"ಚಿಕ್ಕಪ್ಪ ಎಲ್ಲಿ?"

"ಕೋಳಿ ಕೂಗೋ ಹೊತ್ಗೇ ಹೋದ್ರಪ್ಪ, ತಮಟೇರನ್ನೆಲ್ಲಾ ಕಟ್ಕಂಡು. ಹುಲಿಕೆರೆ ತಾವ ರಾಜಶೇಖರಪ್ಪೋರ ತೋಟ ಐತಲ್ಲ, ಅಲ್ಲಿ ಯಾವ್ದೋ ಹೆಣ್ಣಿಗೆ ಗಾಳಿ ಬಿಡಿಸ್ಬೇಕಂತೆ. ಖರ್ಚೆಲ್ಲಾ ಅವರ್ದೇ. ಪುಣ್ಯಾತ್ಮ!"

"ಚಿಕ್ಕಪ್ಪನ ಫೋನು?"

"ಇಲ್ಲೇ ಚಾರ್ಜಿಗೆ ಹಾಕಿ ಮರ್ತು ಹೋಗವ್ರೆ. ಯಾಕ್ಲಾ? ಏನಾಯ್ತ್ಲಾ?"

ಉತ್ತರ ಹೇಳಲು ನಾನು ಅಲ್ಲಿರಲಿಲ್ಲ. ಆಲ್ಟೊ ಆಗಲೇ ಜಾವಗಲ್ ರೋಡಿನಲ್ಲಿತ್ತು!

ಎಮ್ಮೆ... ಹಾರ್ನ್! ಆಟೊ... ಹಾರ್ನ್! ರೋಡಿನ ಮೇಲೆ ರಾಗಿ ಹುಲ್ಲು ಹರಡಿದವರು... ಹಾರ್ನ್!

"ಹೇಮಂತ್," ಎಂದರು ಮೇಡಂ. "ಹುಡುಗಿ ಗಾಡೀಲಿ ಕೂತ ಮೇಲೂ ನಿಮ್ಮ ಕೈ ಹೀಗೇ ಅಭ್ಯಾಸಕ್ಕೆ ಹಾರ್ನ್ ಮೇಲೆ ಹೋದ್ರೆ?"

ಗಾಡಿ ನಿಲ್ಲಿಸಿದೆ. ಬಾನೆಟ್ ಎತ್ತಿದೆ. ಹಾರ್ನಿನ ವೈರು ಕಿತ್ತು ಬೇಲಿಗೆ ಎಸೆದೆ. ಹಾರ್ನ್ ಇಲ್ಲದೆ ನಮ್ಮ ರೋಡಿನಲ್ಲಿ ಗಾಡಿ ಓಡಿಸುವುದು ಅಂದರೆ ಕಣ್ಣು ಕಟ್ಟಿಕೊಂಡು ಮದುವೆಮನೆಯಲ್ಲಿ ಬಡಿಸಿದ ಹಾಗೆ. ಕಿಟಕಿಯಿಂದ ಕೈ ಹಾಕಿ ಬಾಗಿಲಿಗೆ ಬಡಿಯುತ್ತಾ ಹೋದೆ.

ಮುಂದೆ ಎಳನೀರು ಮಾರುವವನ ಹತ್ತಿರ ಮತ್ತೆ ನಿಲ್ಲಿಸಿದರು.

"ಈಗ ಎಳನೀರಾ ಮೇಡಂ!"

"ಭೇದಿ ಮಾಡಿಸಿರ್ತಾರೆ. ಮೈಯಲ್ಲಿರೋ ಪೊಟ್ಯಾಸಿಯಂ ಎಲ್ಲಾ ಹೋಗಿರುತ್ತೆ. ಅದು ಕಮ್ಮಿ ಆದಷ್ಟೂ ಆ ತೂಬು ಇನ್ನೂ ಬಿಗಿ. ಎಳನೀರಲ್ಲಿ ಪೊಟ್ಯಾಸಿಯಂ ಇದೆ."

ಹುಟ್ಟಿದಾಗಿನಿಂದ ತೆಂಗಿನ ನೆರಳಲ್ಲಿ ಬೆಳೆದವನಿಗೆ ಎಳನೀರಿನ ಒಳಗೇನಿದೆ ಎಂದು ಗೊತ್ತಾಗಿದ್ದು ಆವತ್ತು.

*

ತೋಟದ ನಡುವೆ ಹೊಗೆ ಏಳುತ್ತಿತ್ತು.

ಹುಲ್ಲಿನ ಬೆಂಕಿ. ಸುತ್ತಲೂ ನಮ್ಮವರು ಕೂತು ತಮಟೆ ಕಾಯಿಸುತ್ತಿದ್ದಾರೆ. ಚರ್ಮ ಕಾದರೇ ತಮಟೆಗೆ ನಾಲಿಗೆ ಬರುವುದು. ಚಿಕ್ಕಪ್ಪ ಲಕ್ಕಪ್ಪ ಅವರ ಮುಂದಾಳು.

ಹೊಂಗೆ ಮರದ ಬುಡದಲ್ಲಿ ಸಿರಿ. ಒದ್ದೆ ಸೀರೆ, ಮೈತುಂಬ ಅರಿಶಿನ, ಕೈಯಲ್ಲಿ ಬೇವಿನ ಸೊಪ್ಪು. ಕಣ್ಣು ಗುಳಿಬಿದ್ದಿತ್ತು. ಪಕ್ಕದಲ್ಲಿ ಅವಳ ಅಜ್ಜಿ ಮುದ್ದಮ್ಮ ಕೈಮುಗಿದು ಕೂತಿದ್ದಳು. ಆಚೆ ಬೈಕಿನ ಮೇಲೆ ಅರುಣ್‌ಕುಮಾರ್, ಜೊತೆಗೆ ಇನ್ನಿಬ್ಬರು.

ಚಿಕ್ಕಪ್ಪ ಬೆರಳಿಂದ ಚರ್ಮ ತಟ್ಟಿ ನೋಡಿದ.

ಟಣ್!

ಸಿರಿ ಅಷ್ಟು ದೂರದಲ್ಲಿ ಬೆಚ್ಚಿದಳು. ಚಿಕ್ಕಪ್ಪ ತಲೆಯಾಡಿಸಿದ. ತಮಟೆ ಹದಕ್ಕೆ ಬಂದಿತ್ತು. ಎದ್ದ.

"ನಿಲ್ಸ್ರೋ!" ಅನ್ನೋ ಕೂಗು ನನ್ನ ಬಾಯಿಗೆ ಬಂದೇ ಬಿಟ್ಟಿತ್ತು. ನನ್ನ ಗಂಟಲು ಸಾರ್! ಅದೊಂದೇ ಸಾಕಿತ್ತು ಅವಳನ್ನು ಕೊಲ್ಲಲು! ಜೀವಮಾನದಲ್ಲಿ ಮೊದಲ ಸಲ ನುಂಗಿಕೊಂಡೆ. ಕೆಂಡ ನುಂಗಿದ ಹಾಗಾಯಿತು.

ಓಡಿದೆ. ತೆಂಗಿನ ಬುಡಕ್ಕೆ ನೀರು ಬಿಟ್ಟಿದ್ದ ಕಪ್ಪು ಪೈಪು ಕಾಲಿಗೆ ಸಿಕ್ಕಿತು. ಎತ್ತಿದೆ. ಬಾಯಿಗೆ ಹೆಬ್ಬೆಟ್ಟು ಒತ್ತಿ ತಿರುಗಿಸಿದೆ. ಬೆಂಕಿಗೆ... ತಮಟೆಗಳಿಗೆ... ಚಿಕ್ಕಪ್ಪನ ಮುಖಕ್ಕೆ!

ಸುಯ್ಯ್ ಎಂದು ಬೆಂಕಿ ಸತ್ತಿತು. ತೋಯ್ದ ಚರ್ಮ ಜೋತುಬಿತ್ತು. ಇನ್ನು ಅದನ್ನು ಯಾರು ಬಡಿದರೂ ಒದ್ದೆ ಗೋಣಿಚೀಲದ ಸದ್ದು.

"ಏನ್ಲಾ ಬಡ್ಡೆತದೆ..." ಚಿಕ್ಕಪ್ಪ ಬಾಯಿ ತೆರೆದ. ಹಾರಿ ಹೋಗಿ ಆ ಬಾಯಿ ಮುಚ್ಚಿ, ಕಿವಿಯಲ್ಲಿ ಹೇಳಿದೆ:

"ನೀನು ಒಂದೇಟು ಹೊಡೆದಿದ್ರೂ ಆ ಹುಡುಗಿ ಸತ್ತಿರೋಳು. ಎದೆ ಕಾಯಿಲೆ. ನಿನ್ನ ಕರೆಸಿದೋನಿಗೆ ಅದು ಗೊತ್ತು. ಗೊತ್ತಿದ್ದೇ ಕರೆಸಿದ್ದಾನೆ."

ಚಿಕ್ಕಪ್ಪನ ಕಣ್ಣು ನನ್ನ ಕಣ್ಣಿನಲ್ಲೇ ನಿಂತಿತು. ಕೈ ತೆಗೆದೆ.

"ಅಂಗಾರೆ..." ಅವನೂ ಪಿಸುಗುಟ್ಟಿದ. "ಸಾಯೋದು ಅವ್ಳು. ಕೊಂದೋರು ನಾವು."

"ಹೂಂ."

"ಕಿವಿ ತಾವೇ ಬಡೀರಿ ಅಂತ ಎಲ್ಡೆಲ್ಡು ಸಲ ಹೇಳ್ದ ಕಣ್ಲಾ, ಬೋಳಿಮಗ!"

ಅಷ್ಟರಲ್ಲಿ ಮುದ್ದಮ್ಮ ಎದ್ದು ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. "ಯಾವನ್ಲಾ ನೀನು? ನನ್ ಮೊಮ್ಮಗಳ ಗಾಳಿ ಬಿಡ್ಸಕ್ಕೆ ಬಂದೋರ ಮೇಲೆ ನೀರು ಉಯ್ತೀಯಾ? ಬಾಯ್ಬಿಟ್ಟು ಮಾತಾಡು! ಗಂಡ್ಸು ಹಿಂಗಾ ಪಿಸುಗುಟ್ಟಾದು!"

ಕೂಗದೆ ಜಗಳ ಆಡುವುದು ನನಗೆ ಯಾರೂ ಕಲಿಸಿಲ್ಲ. ಪ್ರತಿಮಾ ಮೇಡಂ ಅಜ್ಜಿಯ ಕೈ ಹಿಡಿದುಕೊಂಡರು.

"ಅವ್ವ, ಸಿರಿ ತಾಯಿ ಹೇಗೆ ಹೋದ್ರು?"

"ಅದ್ಯಾಕೀಗ? ನನ್ ಮೈದ್ನನ ಮಗನ್ ಮದ್ವೆ ಮೆರವಣಿಗೇಲಿ ನಿಂತಿದ್ಲು. ಗರ್ನಾಲು ಹೊಡುದ್ರು. ನಿಂತಿದ್ದೋಳು ನಿಂತಂಗೇ ಬಿದ್ಲು."

"ಗರ್ನಾಲು ಹೊಡೆದ ತಕ್ಷಣ?"

"ತಕ್ಷಣ."

"ಸಿರಿ ಬಿದ್ದಾಗೆಲ್ಲ ಏನಾಗಿತ್ತು ಅವ್ವ?"

ಅಜ್ಜಿ ಯೋಚಿಸಿದಳು. "ಒಂದ್ಸಲ ಕುಕ್ಕರ್ ಕೂಗ್ತು. ಒಂದ್ಸಲ ಲಾರಿ ಟೈರು ಸಿಡೀತು. ಇನ್ನೊಂದ್ಸಲ ಗುಡುಗು..." ಅಷ್ಟಕ್ಕೇ ನಿಲ್ಲಿಸಿದಳು. ತಮಟೆಗಳ ಕಡೆ ತಿರುಗಿ ನೋಡಿದಳು. ಒಂದೊಂದನ್ನೂ ನೋಡಿದಳು.

ಹೋಗಿ ಸಿರಿಯ ಕೈಯಿಂದ ಬೇವಿನ ಸೊಪ್ಪು ಕಿತ್ತು ಬಿಸಾಕಿದಳು. ಮೊಮ್ಮಗಳನ್ನು ತಬ್ಬಿ ಎತ್ತಿ ನಿಲ್ಲಿಸಿದಳು.

"ನಡಿಯವ್ವ. ಎಲ್ಲಿಗೆ ಅಂತ ಇವ್ರು ಹೇಳ್ತಾರೆ."

ಅರುಣ್‌ಕುಮಾರ್ ಬೈಕಿನಿಂದ ಇಳಿದ. ಇಬ್ಬರೂ ಅವನ ಹಿಂದೆ ಬಂದರು. "ಏಯ್ ಲಕ್ಕಪ್ಪ! ಏನಿದು? ಬಡೀರೋ!"

ಚಿಕ್ಕಪ್ಪ ಹೆಗಲಿಗೆ ತಮಟೆ ಹಾಕಿಕೊಂಡು ಅವನಿಗೆ ಅಡ್ಡ ನಿಂತ. ಅವನ ಪಕ್ಕ ಇನ್ನೊಬ್ಬ. ಮತ್ತೊಬ್ಬ. ಒದ್ದೆ ತಮಟೆಗಳ ಸಾಲು ಬೇಲಿಯಾಯಿತು. ನಮ್ಮ ಜನ ಅಷ್ಟು ಮೌನವಾಗಿ ನಿಂತಿದ್ದನ್ನು ನಾನು ಕಂಡೇ ಇರಲಿಲ್ಲ. ಅಷ್ಟು ಜೋರಾಗಿ ನಿಂತಿದ್ದನ್ನೂ.

*

ಸಿರಿ ಹಿಂದಿನ ಸೀಟಿನಲ್ಲಿ. ಕಿವಿಗೆ ಹತ್ತಿ. ಹತ್ತಿಯ ಮೇಲೆ ಮೇಡಂನ ಎರಡೂ ಅಂಗೈ. ಎದೆಬಡಿತ ಹತೋಟಿಗೆ ತರುವ ಮಾತ್ರೆ ಕೊಟ್ಟಿದ್ದರು, ಅದು ಕೆಲಸ ಶುರು ಮಾಡಲು ಹೊತ್ತು ಬೇಕಿತ್ತು. ಎಳನೀರು ಅರ್ಧ ಕುಡಿದಿದ್ದಳು. ಉಳಿದರ್ಧ ಬುರುಡೆಯೊಳಗೆ ಮುಂದಿನ ಸೀಟಿನಲ್ಲಿ ಮುದ್ದಮ್ಮನ ತೊಡೆಯ ಮೇಲಿತ್ತು.

"ಅಣ್ಣ," ಎಂದಳು ಸಿರಿ. ಅವಳ ದನಿ ಕೇಳಿದ್ದು ಅದೇ ಮೊದಲು. "ಗುಂಡಿ ಬಂದ್ರೆ ಮೊದ್ಲೇ ಹೇಳಿ. ಹೇಳಿದ್ರೆ ಬೆಚ್ಚಲ್ಲ."

"ಗುಂಡಿ," ಅಂದೆ ಮೆಲ್ಲಗೆ. "ಇನ್ನೊಂದು ಗುಂಡಿ. ಇದು ರೋಡೇ ಅಲ್ಲ ಕಣಮ್ಮ, ಪೂರ್ತಿ ಗುಂಡಿ."

ಅವಳು ಸ್ವಲ್ಪ ನಕ್ಕಳು.

ಕೆರೆ ಏರಿ ಹತ್ತಿದೆವು. ತಮಟೆಯವರಿಂದ ತಪ್ಪಿಸಿಕೊಂಡು, ಗದ್ದೆ ಬದುವಿನ ಮೇಲೆ ಒಬ್ಬನೇ ಒಳದಾರಿ ಹಿಡಿದು ಬಂದವನ ಬೈಕು ಎದುರಿಗೇ ಅಡ್ಡ ನಿಂತಿತು. ಅಲ್ಲಿಗೆ, ನಾನು ಮೊದಲು ಹೇಳಿದೆನಲ್ಲ, ಆ ಜಾಗಕ್ಕೆ ಬಂದೆವು ಸಾರ್.

ಪಟಾಕಿ. ಲೈಟರು. ಅರುಣ್‌ಕುಮಾರ್.

"ಹಾಸನದ ರೋಡಿಗೆ ನಮ್ ಲಾರಿ ಅಡ್ಡ ಹಾಕ್ಸಿದೀನಿ ಕಣ್ಲಾ," ಎಂದ. "ಏರ್ ಹಾರ್ನ್ ಲಾರಿ. ಅಲ್ಲಿ ಸಾಯ್ತಾಳೋ, ಇಲ್ಲಿ ಸಾಯ್ತಾಳೋ. ನೀನೇ ಹೇಳು."

ನಾನು ಬಾಗಿಲು ತೆಗೆಯುವಷ್ಟರಲ್ಲಿ ಅವನು ಹಚ್ಚುತ್ತಾನೆ. ಹಿಂದೆ ಸರಿದರೆ ಟ್ರಾಕ್ಟರು. ಕನ್ನಡಿಯಲ್ಲಿ ನೋಡಿದೆ. ಸಿರಿ ಕಣ್ಣು ಮುಚ್ಚಿ, ಗುಂಡಿಗೆ ಕಾಯುವವಳಂತೆ ಕೂತಿದ್ದಳು.

ಮುದ್ದಮ್ಮ ಬಾಗಿಲು ತೆಗೆದಳು.

"ಏಯ್ ಮುದುಕಿ! ಒಳಗೆ ಕೂತ್ಕೋ!"

"ಕೂತ್ಕತೀನಪ್ಪ." ಅಜ್ಜಿ ಬುರುಡೆ ಹಿಡಿದುಕೊಂಡೇ ಇಳಿದಳು. "ನೀನು ಬಸ್ತಿಹಳ್ಳಿ ಸಾವಿತ್ರಮ್ಮನ ಮಗ ಅಲ್ವಾ?"

"ಅದೆಲ್ಲ ಬ್ಯಾಡ!"

"ನಿಮ್ಮವ್ವನ ಬಾಣಂತನಕ್ಕೆ ನಾನೇ ಬಂದಿದ್ದು ಕಣಪ್ಪ. ನಿಂಗೆ ನೀರು ಹಾಕಿದ್ದೂ ನಾನೇ. ಬಿಸಿನೀರು ಅಂದ್ರೆ ಏನ್ ಅರಚ್ತಿದ್ದೆ ಅಂತೀಯ!" ಅಜ್ಜಿ ಇನ್ನೆರಡು ಹೆಜ್ಜೆ ಇಟ್ಟಳು. "ನೋಡು, ಎಂಗೆ ಬೆವರ್ತಿದ್ದೀಯ. ಒಂದ್ ಗುಟುಕು ಎಳ್ನೀರು ಕುಡಿ ಮಗ."

ತನ್ನನ್ನು ಎಳೆಗೂಸಾಗಿದ್ದಾಗ ಮೀಯಿಸಿದ ಮುದುಕಿಗೆ ಏನು ಹೇಳಬೇಕೆಂದು ಯಾವ ರೌಡಿಗೂ ಗೊತ್ತಿರುವುದಿಲ್ಲ. ಅರೆಗಳಿಗೆ ತಬ್ಬಿಬ್ಬಾದ.

ಅಜ್ಜಿಗೆ ಅಷ್ಟೇ ಬೇಕಿತ್ತು. ಬುರುಡೆ ಬಗ್ಗಿಸಿದಳು. ಅವನ ಎರಡೂ ಮುಷ್ಟಿಯ ಮೇಲೆ!

ಬತ್ತಿ ತೋಯ್ದಿತು. ಲೈಟರು ತೋಯ್ದಿತು. ಚಿಕ್... ಚಿಕ್... ಕಿಡಿ ಹಾರಲಿಲ್ಲ.

ನನ್ನ ಬಾಗಿಲು ಅವನ ಮಂಡಿಗೆ ಬಡಿಯಿತು. ಅರಚಲು ಬಾಯಿ ತೆರೆದ. ನಾನೂ ಅದನ್ನೇ ಕಾಯುತ್ತಿದ್ದೆ. ಅದೇ ಪಟಾಕಿಯನ್ನು ಆ ಬಾಯಿಗೆ ತುರುಕಿದೆ! ಆಮೇಲೆ ಹೊಟ್ಟೆಗೆ ಒಂದು. ಸದ್ದಾಗದ ಜಾಗ ನೋಡಿ ಇನ್ನೊಂದು. ಟ್ರಾಕ್ಟರಿನವನು ಹುಲ್ಲಿನ ಹಗ್ಗ ಎಸೆದ. ಅವನಿಗೆ ವಿಷಯ ಗೊತ್ತಿರಲಿಲ್ಲ. ಮುದುಕಿಯ ಮೇಲೆ ಕೂಗಾಡಿದವನನ್ನು ಕಟ್ಟಲು ಕಾರಣ ಬೇಕೇ ಅಂದ.

ಬೈಕನ್ನು ಕೂಸು ಮಲಗಿಸುವ ಹಾಗೆ ಮೆಲ್ಲಗೆ ಕೆರೆಗೆ ಇಳಿಸಿದೆ. ಒಂದು ಗುಳ್ಳೆ ಬಂತು. ಅಷ್ಟೇ.

ಹಾಸನದ ನೇರ ರೋಡು ಬಂದ್. ಬೇಲೂರಿನಿಂದ ಇನ್ನೊಂದಿದೆ. ಸ್ಟಿಯರಿಂಗನ್ನು ಬೇಲೂರಿಗೆ ತಿರುಗಿಸಿದೆ.

*

ಬೇಲೂರು ಬಸ್ ಸ್ಟ್ಯಾಂಡ್ ಸರ್ಕಲ್. ಟೂರಿಸ್ಟ್ ಬಸ್ಸುಗಳು ಒಂದಕ್ಕೊಂದು ಸಿಕ್ಕಿಕೊಂಡು ನಿಂತಿದ್ದವು. ಪೂರ್ತಿ ಜಾಮ್. ಹಿಂದೆ ಮೇಡಂ ಸಿರಿಯ ತಲೆಯನ್ನು ತಮ್ಮ ಎದೆಗೆ ಒತ್ತಿಕೊಂಡಿದ್ದರು. "ನಾಡಿ ತಪ್ಪುತ್ತಿದೆ," ಎಂದರು. "ಇಲ್ಲಿ ಬಹಳ ಹೊತ್ತು ನಿಲ್ಲೋಕಾಗಲ್ಲ ಹೇಮಂತ್."

ಆಗಲೇ ನಮ್ಮ ಪಕ್ಕಕ್ಕೆ ಒಂದು ದೊಡ್ಡ ಬಿಳಿ ಕಾರು ಬಂದು ನಿಂತಿತು. ಕಿಟಕಿ ಇಳಿಯಿತು. ಬಿಳಿ ಶರ್ಟು, ಹಣೆಗೆ ವಿಭೂತಿ, ಬಾಯಿತುಂಬ ನಗು.

ರಾಜಶೇಖರ!

ಗಾಳಿ ಬಿಟ್ಟಿತೋ ಜೀವ ಬಿಟ್ಟಿತೋ ನೋಡಲು ತೋಟಕ್ಕೆ ಹೊರಟಿದ್ದ. ನನ್ನನ್ನು ನೋಡಿದ. ಹಿಂದಿನ ಸೀಟು ನೋಡಿದ. ನಗು ಹಾಗೇ ಇತ್ತು. ಡ್ರೈವರಿಗೆ ಹೇಳಿದ:

"ಹಾರ್ನ್ ಮೇಲೆ ಕೈ ಇಡು. ನಾನು ಹೇಳೋವರೆಗೂ ತೆಗೀಬೇಡ."

ಡ್ರೈವರಿನ ಕೈ ಎದ್ದಿತು. ನಾನು ಅವನ ಕಿಟಕಿಯೊಳಗೆ ಅರ್ಧ ಮೈ ತೂರಿದ್ದೆ. ಒಂದು ಕೈಯಲ್ಲಿ ಅವನ ಮಣಿಕಟ್ಟು, ಇನ್ನೊಂದರಲ್ಲಿ ಕಾರಿನ ಕೀ. ಹಾರ್ನ್ ಮೇಲೆ ಅವನ ಬೆರಳಿನ ನೆರಳು ಮಾತ್ರ ಬಿತ್ತು. ಆಸಾಮಿ ಸಂಬಳದ ಮನುಷ್ಯ. ನನ್ನ ಮುಖ ನೋಡಿ ಬಾಗಿಲು ತೆಗೆದು ಓಡಿದ.

ನಾನು ಹಿಂದಿನ ಬಾಗಿಲು ತೆಗೆದು ರಾಜಶೇಖರನ ಪಕ್ಕ ಕೂತೆ. ಕೂಗಲು ಅವನು ಉಸಿರೆಳೆದ. ನಾನು ಬೈಯಲಿಲ್ಲ. ಬಡಿಯಲಿಲ್ಲ. ಅವನ ಕಿವಿಯ ಹತ್ತಿರ ಬಾಯಿಟ್ಟು, ಸಿರಿಗೆ ಗುಂಡಿ ಬಂತು ಅಂತ ಹೇಳುತ್ತಿದ್ದೆನಲ್ಲ, ಅದೇ ದನಿಯಲ್ಲಿ ಕೇಳಿದೆ:

"ನಿಮ್ಮ ಅರುಣ ಎಲ್ಲಿ ಅಂತ ಕೇಳಲ್ವಾ ಯಜಮಾನ್ರೇ?"

ಎಳೆದ ಉಸಿರು ಅವನೊಳಗೇ ನಿಂತಿತು. ಬಾಯಿ ಮುಚ್ಚಿತು.

ನನಗೇ ಆಶ್ಚರ್ಯ! ಕೂಗಿದ್ದರೆ ಅವನೂ ಕೂಗುತ್ತಿದ್ದ.

ಮುಂದಿನ ಬಸ್ಸು ಅಲುಗಿತು. ಮೇಡಂ ಆಗಲೇ ನನ್ನ ಆಲ್ಟೊದ ಸ್ಟಿಯರಿಂಗ್ ಹಿಡಿದಿದ್ದರು. ಅಂಗಡಿಯೊಂದರ ಹೆಂಗಸನ್ನು ಸಿರಿಯ ಪಕ್ಕ ಕೂರಿಸಿ, ಕಿವಿ ಹೇಗೆ ಮುಚ್ಚಬೇಕೆಂದು ತೋರಿಸಿದ್ದರು. ಮುದ್ದಮ್ಮ ರೋಡಿಗೆ ಇಳಿದಳು.

"ಅವ್ವ, ನೀವು ಹತ್ತಿ!"

"ನೀನ್ ಹೋಗವ್ವ. ಮಗೀನ ಬದುಕ್ಸು. ನಂಗಿಲ್ಲೊಂದ್ ಕೆಲ್ಸ ಐತೆ."

ಹಾರ್ನ್ ಇಲ್ಲದ ನನ್ನ ಗಾಡಿ ಹಾವಿನ ಹಾಗೆ ಬಸ್ಸುಗಳ ನಡುವೆ ನುಸುಳಿ ಹಾಸನದ ಕಡೆ ಮಾಯವಾಯಿತು.

ರಾಜಶೇಖರನ ಕಾರಿನ ಸೀಟಿನಲ್ಲಿ ಬೆಳ್ಳಿಚುಕ್ಕಿಯ ಬಾಕ್ಸ್ ಇತ್ತು. ಹೋದಲ್ಲೆಲ್ಲ ಜನರ ಅಂಗೈಗೆ ತಾನೇ ಒಂದೊಂದು ಗುಟುಕು ಹಾಕಿ ಕುಡಿಸುವುದು ಅವನ ಪದ್ಧತಿ. ತೀರ್ಥ ಕೊಟ್ಟ ಹಾಗೆ. ಜನ ಕಣ್ಣಿಗೊತ್ತಿಕೊಂಡು ಕುಡಿಯುತ್ತಿದ್ದರು. ಈಗ ಅವರೇ ಕಾರಿನ ಸುತ್ತ ಸೇರಿದರು. ಯಜಮಾನರಿಗೆ ಏನಾಯಿತು ಅಂತ.

ಕಷಾಯದ ವಿಷಯ ಮೇಡಂ ದಾರಿಯಲ್ಲೇ ಮುದ್ದಮ್ಮನಿಗೆ ಹೇಳಿದ್ದರು. ಅವಳು ಒಂದು ಬಾಟಲಿಯ ಮುಚ್ಚಳ ತಿರುವಿದಳು.

"ನನ್ ಮೊಮ್ಮಗಳಿಗೆ ದಿನಾ ಕುಡಿಸಿದ್ರಿ ಬುದ್ಧಿ. ಈಗ ನನ್ ಕೈಲಿ ಒಂದೀಟು ತಗಳಿ. ಕೈ ನೀಡಿ."

ಅಷ್ಟು ಜನರ ಎದುರಿಗೆ ಮುದುಕಿಯೊಬ್ಬಳು ಹಾಗೆ ಕೇಳಿದರೆ ನಮ್ಮ ಕಡೆ ಕೈ ನೀಡದೆ ಇರಲಾಗುವುದಿಲ್ಲ. ನೀಡಿದ. ಅಜ್ಜಿ ಅಂಗೈ ತುಂಬ ಹೊಯ್ದಳು.

"ಕುಡೀರಿ."

ಅವನು ಅಂಗೈ ನೋಡಿದ. ಜನ ಅವನನ್ನು ನೋಡಿದರು. ಕೈ ತುಟಿಯವರೆಗೆ ಹೋಯಿತು. ನಿಂತಿತು. ಬೆರಳ ಸಂದಿಯಿಂದ ಕಷಾಯ ತೊಟ್ಟಿಕ್ಕಿತು. ಬಿಳಿ ತೋಳಿನ ಮೇಲೆ ಕಂದು ಗೆರೆ ಇಳಿಯಿತು. ಅಂಗೈ ಖಾಲಿಯಾಗುವವರೆಗೂ ಅವನು ಕುಡಿಯಲಿಲ್ಲ.

ಎದುರಿನ ಅಂಗಡಿಯವನು ಒಳಗೆ ಹೋದ. ಶೆಲ್ಫಿನಲ್ಲಿದ್ದ ಬೆಳ್ಳಿಚುಕ್ಕಿ ಬಾಟಲಿಗಳನ್ನು ತಂದು ಒಂದೊಂದಾಗಿ ಚರಂಡಿ ಕಲ್ಲಿನ ಮೇಲೆ ಜೋಡಿಸಿದ.

*

ಸಿರಿ ಹಾಸನದ ಆಸ್ಪತ್ರೆಯ ಬಾಗಿಲಲ್ಲಿ ಕುಸಿದಳಂತೆ. ಬಾಗಿಲಲ್ಲೇ ಬಿದ್ದಿದ್ದಕ್ಕೆ ತಕ್ಷಣ ಡಾಕ್ಟರ ಕೈಗೆ ಸಿಕ್ಕಿದಳು. ಎಬ್ಬಿಸಿದರು. ಮಿಷನ್ ಕೂರಿಸಿದರು. ಅದಾದ ಮೇಲೆ ಅವಳು ಅಧಿಕಾರಿಗಳ ಮುಂದೆ ಕೂತು, ಯಾವ ಡಬ್ಬಿ, ಯಾವ ಮಾತ್ರೆ, ಯಾರು ಹೇಳಿ ಬೆರೆಸಿದ್ದು ಅಂತ ಎಲ್ಲಾ ಹೇಳಿದಳು. ರಾಜಶೇಖರ ಈಗ ಒಳಗಿದ್ದಾನೆ. ಅಲ್ಲಿ ಅವನಿಗೆ ನೆಗಡಿಯಾದರೆ ಏನು ಕುಡಿಯುತ್ತಾನೋ ಗೊತ್ತಿಲ್ಲ. ಚಿಕ್ಕಪ್ಪನ ತಮಟೆಗೆ ಹೊಸ ಚರ್ಮ ನಾನೇ ಹಾಕಿಸಿಕೊಟ್ಟೆ. ಆದರೂ ಬೈಯುತ್ತಾನೆ.

ಮೊನ್ನೆ ಪ್ರತಿಮಾ ಮೇಡಂ ಫೋನ್ ಮಾಡಿ ಕೇಳಿದರು: "ಹಾರ್ನ್ ಹಾಕಿಸಿದ್ರಾ?" ಈಗ ನೀವು ಕೇಳಿದಿರಲ್ಲ ಸಾರ್, ಗಾಡಿ ಹತ್ತಿದ ಕೂಡಲೇ, ಹಾಗೇ.

ಹಾಕಿಸಿಲ್ಲ. ಬೇಕಾಗಿಲ್ಲ.

ಮೊದಲು ನಾನು ಕೂಗಿದರೆ ಅರಸೀಕೆರೆಯಲ್ಲಿ ಜನ ಬೀಡಿ ಆರಿಸುತ್ತಿದ್ದರು. ಈಗ ಪಿಸುಗುಟ್ಟಿದರೆ ಊರೇ ಬಿಡುತ್ತಾರೆ!